ಅಟ್ಲಾಸ್ ಪರ್ವತದಲ್ಲಿ ವಿದ್ಯಾರ್ಥಿಗಳೊಡನೆ ಹನ್ನೊಂದು ದಿನ

ಬರ್ಬರ ಎಂಬ ಶಬ್ದವು ಸಂಸ್ಕೃತವನ್ನು ಅಲ್ಪಸ್ವಲ್ಪ ಓದಿದವರಿಗೂ ಹೊಸದಲ್ಲ. ತೊದಲುವವನು, ಗುಂಗುರುಗೂದಲಿನವನು, ಅನಾಗರಿಕನು ಎಂದು ಕೋಶಗಳು ಅದಕ್ಕೆ ಅರ್ಥ ಹೇಳುತ್ತವೆ. ಮಹಾಭಾರತದಲ್ಲಿ ಯವನ, ಕಿರಾತ, ಶಬರ ಮೊದಲಾದವರ ಪಂಕ್ತಿಯಲ್ಲಿ ಬರ್ಬರರ ಹೆಸರೂ ಬರುತ್ತದೆ. ಗ್ರೀಕರಲ್ಲಿಯೂ ಇದನ್ನು ಹೋಲುವ ಶಬ್ದವುಂಟು. ತಮಗೆ ತಿಳಿಯದ ಭಾಷೆಯನ್ನಾಡುವವರ ಮಾತು ‘ಬರ್ ಬರ್’ ಎಂದು ಕೇಳಿಸಿದುದರಿಂದ ಆ ಹೆಸರು ಹುಟ್ಟಿತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಮ್ಲೇಚ್ಛ ಶಬ್ದದ ಮೂಲಧಾತುವಿಗೂ ಅಸ್ಪಷ್ಟವಾಗಿ ನುಡಿಯುವುದು ಎಂದೇ ಅರ್ಥ. ಕಿವಿಯ ದೋಷವನ್ನು ಪರರ ನಾಲಗೆಯ ಮೇಲೆ ಹೊರಿಸುವುದು ಪ್ರಾಚೀನಕಾಲದಲ್ಲಿ ದೇಶದೇಶಗಳಲ್ಲಿ ನಡೆದುಬಂದ ರೂಢಿ ಎಂದಾಯಿತು.

ಉತ್ತರ ಆಫ್ರಿಕದ ಮೂಲನಿವಾಸಿಗಳಿಗೆ ಯೂರೋಪಿನವರು ಇಟ್ಟಿರುವ ‘ಬೆರ್ಬರ್’ ಎಂಬ ಹೆಸರಿಗೂ ಈ ಗ್ರೀಕ್ ಶಬ್ದವೇ ಮೂಲವೆಂದು ಸಾಮಾನ್ಯವಾದ ಅಭಿಪ್ರಾಯ. ಆ ಜನರು ತಮ್ಮನ್ನು ತಾವು ಕರೆದುಕೊಳ್ಳುವುದು ‘ಅಮಾಜಿಘ್’ ಎಂದು. ಅದಕ್ಕೆ ಸ್ವತಂತ್ರ ಪುರುಷನೆಂದು ಅರ್ಥ ಹೇಳುವುದು ವಾಡಿಕೆ. ಇವರು ತೊದಲುವವರೂ ಅಲ್ಲ, ಅನಾಗರಿಕರೂ ಅಲ್ಲ. ೧೨ನೆಯ ಶತಮಾನದಲ್ಲಿ ಇದೇ ಅಟ್ಲಾಸ್ ಪರ್ವತದ ತಿನ್ಮೆಲ್ ಎಂಬ ಕಣಿವೆಯೂರಿನಿಂದ ಹೊರಟ ಇವರ ಒಂದು ಪಂಗಡದವರು ಮೊರಾಕೊ ದೇಶವನ್ನಲ್ಲದೆ ಸ್ಪೇನಿನ ದಕ್ಷಿಣಭಾಗವನ್ನೂ ಆಳಿದರು. ಇವರಿಗೆ ತಿಫಿನಾಘ್ ಎಂಬ ಸ್ವಂತ ಲಿಪಿಯುಂಟು. ೨೦೦೩ರಿಂದ ಮೊರಾಕೊ ದೇಶದ ಪ್ರಾಥಮಿಕ ಶಾಲೆಗಳಲ್ಲಿ ಈ ಭಾಷೆಯ ಪಾಠವು ಮೊದಲಾಯಿತು. ೨೦೧೧ರ ರಾಜ್ಯಾಂಗವು ಅರಬ್ಬಿಯ ಜೊತೆಗೆ ಇದಕ್ಕೂ ಅಧಿಕೃತ ಸ್ಥಾನವನ್ನು ಕೊಟ್ಟಿತು. ಶಬ್ದದಿಂದ ಪರಿಚಯವಾಗಿದ್ದ ಈ ಜನರನ್ನು ಕಣ್ಣಾರೆ ಕಾಣುವ ಯೋಗವು ನಮಗೆ ಅರುವತ್ತನೆಯ ವಯಸ್ಸಿನಲ್ಲಿ ಒದಗಿತು.

ನಮ್ಮ ತಂಗಿಯ ಮಗನು ಇಂಗ್ಲೆಂಡಿನ ಒಂದು ಶಾಲೆಯಲ್ಲಿ ಭೂಗೋಳದ ಉಪಾಧ್ಯಾಯನು. ಆ ಶಾಲೆಯ ಹದಿನಾರು ಮಂದಿ ಮಕ್ಕಳು ೨೦೨೪ರ ಅಕ್ಟೋಬರ್ ರಜೆಯಲ್ಲಿ ಅಟ್ಲಾಸ್ ಪರ್ವತವನ್ನು ಏರಿ, ಬಳಿಕ ಒಂದು ಅಮಾಜಿಘ್ ಹಳ್ಳಿಯಲ್ಲಿ ನಾಲ್ಕು ದಿನ ಸೇವೆ ಮಾಡತಕ್ಕದ್ದೆಂದು ಗೊತ್ತಾಗಿತ್ತು. ಹುಡುಗರು ಹುಡುಗಿಯರು ಸಮಸಮವಾಗಿದ್ದರು. ಎಲ್ಲರೂ ಹದಿನೈದು ಹದಿನಾರರ ಪ್ರಾಯದವರು. ಉಪಾಧ್ಯಾಯರು ಮೂವರು. ಇನ್ನೊಬ್ಬ ಹಿರಿಯರು ಜೊತೆಗೆ ಬೇಕೆಂದಾಗ, “ಮಾವ, ನೀವು ಮೂವತ್ತೈದು ವರ್ಷ ಮಕ್ಕಳನ್ನು ಕಾದವರು. ಕಾಲುಗಳು ಇನ್ನೂ ಗಟ್ಟಿಯಾಗಿವೆ. ಬಂದುಬಿಡಿ” ಎಂದು ಅವನು ಬರೆದನು. ಅಲ್ಲಿಯ ನಿಯಮಕ್ಕೆ ಬೇಕಾದ ಕಾಗದಪತ್ರಗಳನ್ನೆಲ್ಲ ಒಪ್ಪಿಸಿ ನಾವು ಹೊರಟೆವು.

ಮರ್ರಾಕೆಶ್ ನಗರದ ಕೆಂಪು ಕೋಟೆಯನ್ನೂ ಕುತುಬಿಯಾ ಎಂಬ ಮಸೀದಿಯ ಎತ್ತರವಾದ ಗೋಪುರವನ್ನೂ ಕುರಿತು ಅನೇಕರು ಬರೆದಿದ್ದಾರಾದುದರಿಂದ ಅಲ್ಲಿ ನಾವು ನಿಲ್ಲುವುದಿಲ್ಲ. ಅಲ್ಲಿಂದ ದಕ್ಷಿಣಕ್ಕೆ ಸುಮಾರು ೬೫ ಕಿಲೋಮೀಟರು ದೂರದಲ್ಲಿ ಇಮ್ಲಿಲ್ ಎಂಬ ಊರು ಇದೆ. ಬಯಲು ಮುಗಿಯುತ್ತಲೇ ರಸ್ತೆಯು ಹೊಳೆಯ ದಂಡೆಯನ್ನು ಹಿಡಿದು ಏರತೊಡಗುತ್ತದೆ. ನಡುವೆ ಅಸ್ನಿ ಎಂಬ ಪೇಟೆ. ಶನಿವಾರ ಅಲ್ಲಿ ಸಂತೆ. ಸುತ್ತಣ ಹಳ್ಳಿಗಳವರು ಸಕ್ಕರೆ, ಚಹ, ಉಪ್ಪು, ಲಾಳ, ಬಟ್ಟೆಗಳಿಗಾಗಿ ಬೆಟ್ಟವಿಳಿದು ಬರುತ್ತಾರೆ.

ಈ ದಾರಿಯಲ್ಲಿಯೇ ಮಕ್ಕಳ ಮಾತು ನಿಂತಿತು. ೨೦೨೩ನೆಯ ಸೆಪ್ಟೆಂಬರ್ ೮ರ ರಾತ್ರಿ ೧೧ ಗಂಟೆ ೧೧ ನಿಮಿಷಕ್ಕೆ ಈ ಪ್ರಾಂತದಲ್ಲಿ ೬.೮ರ ಪ್ರಮಾಣದ ಭೂಕಂಪವಾಯಿತು. ೨,೯೦೦ಕ್ಕೂ ಹೆಚ್ಚು ಜನರು ಸತ್ತರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಈ ಅಲ್ ಹೌಜ್ ಪ್ರಾಂತದವರೇ. ಕಲ್ಲನ್ನು ಮಣ್ಣಿನಿಂದ ಕಟ್ಟಿ, ಮೇಲೆ ಮರದ ತೊಲೆಗಳನ್ನು ಹಾಸಿ, ಅದರ ಮೇಲೆ ಮಣ್ಣನ್ನು ದಪ್ಪವಾಗಿ ಮೆತ್ತಿದ ಮನೆಗಳು ಇಲ್ಲಿಯವು. ಇವು ಬೇಸಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಆದರೆ ನೆಲವು ಅಲುಗಿದಾಗ ಗೋಡೆಯ ಮಣ್ಣು ಕಲ್ಲನ್ನು ಹಿಡಿದುಕೊಳ್ಳಲಾರದು. ಮಲಗಿದ್ದವರ ಮೇಲೆಯೇ ಮಾಡು ಕುಸಿಯಿತು. ಪೂರ್ತಿಯಾಗಿ ಬಿದ್ದ ಮನೆಗೆ ೧,೪೦,೦೦೦ ದಿರ್ಹಮ್, ಭಾಗಶಃ ಕೆಟ್ಟ ಮನೆಗೆ ೮೦,೦೦೦ ದಿರ್ಹಮ್ ಕೊಡುವುದಾಗಿ ಸರಕಾರವು ಗೊತ್ತುಮಾಡಿತು. ನಾವು ಹೋದುದು ಒಂದು ವರ್ಷದ ಮೇಲೆ. ಹೊಸ ಸಿಮೆಂಟಿನ ಕಂಬಗಳು ಅಲ್ಲಲ್ಲಿ ಎದ್ದಿದ್ದುವು. ರಸ್ತೆಯ ಪಕ್ಕದಲ್ಲಿ ಡೇರೆಗಳೂ ಇನ್ನೂ ಇದ್ದುವು. ಒಂದು ಡೇರೆಯ ಮುಂದೆ ಹೆಂಗಸೊಬ್ಬಳು ಶಾಲೆಗೆ ಹೋಗುವ ಮಗನ ತಲೆ ಬಾಚುತ್ತಿದ್ದಳು. ವಿಮಾನದಲ್ಲಿ ಚೇಷ್ಟೆ ಮಾಡುತ್ತ ಬಂದಿದ್ದ ನಮ್ಮ ಮಕ್ಕಳು ಅದನ್ನು ನೋಡಿ ಸುಮ್ಮನಾದರು.

ಇಮ್ಲಿಲ್ ಸಮುದ್ರಮಟ್ಟದಿಂದ ೧,೭೪೦ ಮೀಟರು ಎತ್ತರದಲ್ಲಿದೆ. ಅಲ್ಲಿಂದ ಮುಂದಕ್ಕೆ ಸಾಮಾನುಗಳನ್ನು ಹೊರುವುದು ಹೇಸರಗತ್ತೆಗಳ ಕೆಲಸ. ಅಲ್ಲಿಯ ಪರ್ವತಗಳಲ್ಲಿ ಹಿರಿದಾದ ತುಬ್ಕಾಲ್ ಶಿಖರವು ೪,೧೬೭ ಮೀಟರು, ಎಂದರೆ ಹದಿಮೂರು ಸಾವಿರದ ಆರುನೂರು ಅಡಿಗೂ ಮಿಗಿಲು. ಉತ್ತರ ಆಫ್ರಿಕದಲ್ಲೆಲ್ಲ ಇದಕ್ಕಿಂತ ಎತ್ತರವಾದ ಶಿಖರವಿಲ್ಲ. ೧೯೨೩ರಲ್ಲಿ ಫ್ರೆಂಚರು ಏರಿದ್ದನ್ನು ಪ್ರಥಮಾರೋಹಣವೆಂದು ಬರೆದಿಟ್ಟಿದ್ದಾರೆ. ಅದಕ್ಕೂ ಮೊದಲು ಕುರುಬರು ಏರಿರಲಿಲ್ಲವೆಂದು ಹೇಳಬಲ್ಲವರು ಯಾರು? ೨೦೧೮ರಿಂದ ಈಚೆಗೆ ಪರವಾನಿಗೆ ಪಡೆದ ಮಾರ್ಗದರ್ಶಿಯಿಲ್ಲದೆ ಯಾರನ್ನೂ ಶಿಖರದ ಕಡೆಗೆ ಬಿಡುವುದಿಲ್ಲ.

ನಮ್ಮ ಮಾರ್ಗದರ್ಶಿಯು ನಾಲ್ವತ್ತು ವರ್ಷದ ಮಿತಭಾಷಿ. ಮನೆಯಲ್ಲಿ ತಶೆಲ್ಹಿತ್, ಸಂತೆಯಲ್ಲಿ ಅರಬ್ಬಿ, ಸರಕಾರಿ ಕಾಗದಕ್ಕೆ ಫ್ರೆಂಚ್, ನಮ್ಮೊಡನೆ ಇಂಗ್ಲಿಷ್ ಹೀಗೆ ನಾಲ್ಕು ಭಾಷೆಗಳು ಅವನ ನಾಲಗೆಯ ತುದಿಯಲ್ಲಿದ್ದುವು. ತೊದಲುವವನೆಂಬ ಹೆಸರು ಅವನಿಗಿಂತ ನಮಗೇ ಹೆಚ್ಚು ಒಪ್ಪುವಂತಿತ್ತು. ‘ಅಮಾನ್’ ಎಂದರೆ ನೀರು, ‘ಅಘ್ರೂಮ್’ ಎಂದರೆ ರೊಟ್ಟಿ, ‘ತನ್ಮಿರ್ತ್’ ಎಂದರೆ ಉಪಕಾರ ಸ್ಮರಿಸುವ ಮಾತು: ಇಷ್ಟನ್ನು ಮಕ್ಕಳು ಮೊದಲನೆಯ ದಿನವೇ ಕಲಿತರು. ನಾವು ಮಕ್ಕಾ ಯಾತ್ರೆ ಮಾಡಿದವರಲ್ಲವಾದರೂ ನೆರೆತ ಕೂದಲನ್ನು ನೋಡಿ ಅಲ್ಲಿಯವರು ನಮ್ಮನ್ನು ‘ಹಾಜ್’ ಎಂದೇ ಕರೆದರು. ಅಲ್ಲಿ ವಯಸ್ಸಾದವರಿಗೆ ಸಲ್ಲುವ ಮರ್ಯಾದೆಯ ಮಾತು ಅದು.

ಮೊದಲೆರಡು ದಿನ ಸಣ್ಣ ಬೆಟ್ಟಗಳನ್ನೇರಿ ಇಳಿದು ದೇಹವನ್ನು ಎತ್ತರಕ್ಕೆ ಒಗ್ಗಿಸಿದ ಮೇಲೆ ಮೂರನೆಯ ದಿನ ದೊಡ್ಡ ಪ್ರಯಾಣವು ಮೊದಲಾಯಿತು. ಮೊದಲು ಸಿಗುವುದು ಅರೂಮ್ದ್ ಎಂಬ ಹಳ್ಳಿ. ಸುಮಾರು ೧,೯೦೦ ಮೀಟರು ಎತ್ತರದಲ್ಲಿರುವ ಈ ಊರು ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿಯ ಸಮಕ್ಕಿದೆ. ಎಂದರೆ ಕರ್ನಾಟಕದ ಬೆಟ್ಟಗಳೆಲ್ಲ ಮುಗಿಯುವ ಎತ್ತರದಲ್ಲಿ ಇವರ ಬೇಸಾಯವು ನಡೆಯುತ್ತದೆ. ಆಮೇಲೆ ಸೀದಿ ಶಮ್ಹರೂಶ್ ಎಂಬ ಪುಣ್ಯಸ್ಥಳ. ಸುಣ್ಣ ಬಳಿದ ದೊಡ್ಡ ಬಂಡೆಯೊಂದರ ಬಳಿಯಲ್ಲಿ ಜಿನ್ನರ ಅರಸನ ಸನ್ನಿಧಾನವಿದೆಯೆಂದು ಜನರ ನಂಬಿಕೆ. ಮನೋರೋಗಿಗಳನ್ನು ಕರೆತಂದು ಹರಕೆ ಒಪ್ಪಿಸುತ್ತಾರೆ. ಮುಸಲ್ಮಾನರಲ್ಲದವರು ಸೇತುವೆಯನ್ನು ದಾಟಿ ಒಳಗೆ ಹೋಗತಕ್ಕದ್ದಲ್ಲ. ನಾವು ಈಚೆಯ ದಡದಲ್ಲಿಯೇ ಕೈಮುಗಿದು ಮುಂದೆ ನಡೆದೆವು.

ಅಲ್ಲಿಂದ ಮೇಲಕ್ಕೆ ಮರಗಿಡಗಳಿಲ್ಲ. ಕಲ್ಲು, ಆಕಾಶ, ಕಪ್ಪು ಹಕ್ಕಿಗಳು. ೩,೨೦೭ ಮೀಟರಿನಲ್ಲಿ, ೧೯೩೮ರಲ್ಲಿ ಫ್ರೆಂಚ್ ಪರ್ವತಾರೋಹಿಗಳ ಸಂಘದವರು ಕಟ್ಟಿಸಿದ ಕಲ್ಲಿನ ತಂಗುಮನೆಯಿದೆ. ರಾತ್ರಿ ಅಲ್ಲಿ ಮಲಗಿ, ಬೆಳಗಿನ ಜಾವ ನಾಲ್ಕು ಗಂಟೆಗೆ ತಲೆದೀಪಗಳನ್ನು ಕಟ್ಟಿಕೊಂಡು ಶಿಖರಕ್ಕೆ ಹೊರಡತಕ್ಕದ್ದೆಂದು ನಿಶ್ಚಯವಾಗಿತ್ತು.

ಮೂರು ಗಂಟೆಗೆ ಒಬ್ಬ ಹುಡುಗಿಗೆ ತಲೆಶೂಲೆ ಹತ್ತಿ ಎರಡು ಸಲ ವಾಂತಿಯಾಯಿತು. ಎತ್ತರದ ಗಾಳಿಯು ತೆಳುವಾಗಿರುವುದರಿಂದ ಕೆಲವರಿಗೆ ಹೀಗಾಗುವುದುಂಟು, ಗಟ್ಟಿಮುಟ್ಟಾದವರಿಗೂ ಆಗಬಹುದು. ಅದನ್ನು ಲೆಕ್ಕಿಸದೆ ಮೇಲಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಆ ಹುಡುಗಿಯು ಈ ಶಿಖರವನ್ನು ಏರುವೆನೆಂದು ಹೇಳಿ ನೆರೆಹೊರೆಯವರಿಂದ ಚಂದಾ ಎತ್ತಿ, ಸೇವೆಯ ಖರ್ಚಿಗೆ ಹಣ ಕೂಡಿಸಿದ್ದಳು. “ಅವರಿಗೆಲ್ಲ ಏನೆಂದು ಹೇಳಲಿ?” ಎಂದು ಅತ್ತಳು. ಇನ್ನು ಅರ್ಧ ಗಂಟೆ ನೋಡೋಣವೆಂದು ಒಬ್ಬರು ಅಂದರು. ಮಾರ್ಗದರ್ಶಿಯು ಅವಳನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿ, “ಇವಳು ಈಗಲೇ ಇಳಿಯಬೇಕು” ಎಂದನು. ಅಷ್ಟೇ, ಯಾರೂ ಎದುರಾಡಲಿಲ್ಲ. ಒಬ್ಬ ಉಪಾಧ್ಯಾಯಿನಿಯೂ ನಾವೂ ಹೇಸರಗತ್ತೆಯವನೂ ಅವಳನ್ನು ಕರೆದುಕೊಂಡು ಕತ್ತಲಲ್ಲಿಯೇ ಕೆಳಗಿಳಿದೆವು. ಸೀದಿ ಶಮ್ಹರೂಶಿಗೆ ಬರುವ ವೇಳೆಗೆ ಬೆಳಕು ಹರಿದಿತ್ತು. ಹುಡುಗಿಯು ತಲೆನೋವು ಬಿಟ್ಟಿತೆಂದು ಹೇಳಿ ಕಿತ್ತಳೆಯ ಹಣ್ಣೊಂದನ್ನು ತಿಂದಳು.

ಆದುದರಿಂದ ಶಿಖರದ ವರ್ಣನೆಯನ್ನು ನಾವು ಮಕ್ಕಳ ಬಾಯಿಂದ ಕೇಳಿದುದಷ್ಟೇ. ಜಾರುವ ಜಲ್ಲಿಯ ಮೇಲೆ ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ಬರುವುದಂತೆ. ತುದಿಯಲ್ಲಿ ಕಬ್ಬಿಣದ ಮುಕ್ಕೋಲು ನಿಲ್ಲಿಸಿದೆಯಂತೆ. ದಕ್ಷಿಣಕ್ಕೆ ಬೋಳುಬೆಟ್ಟಗಳ ಆಚೆ ಮರುಭೂಮಿಯ ಕಡೆಯ ಕಂದು ಮಬ್ಬು ಕಾಣುವುದಂತೆ. ಹದಿನೈದು ಮಂದಿಯೂ ಕ್ಷೇಮವಾಗಿ ಏರಿ ಇಳಿದರು.

ಮರುದಿನ ತೀಜಿ ಮ್ಜಿಕ್ ಎಂಬ ಕಣಿವೆದಾರಿಯನ್ನು ದಾಟಿದೆವು. ‘ತೀಜಿ’ ಎಂದರೆ ಘಟ್ಟದ ಸಂದು. ಸುಮಾರು ೨,೪೯೦ ಮೀಟರಿನ ಈ ಸಂದಿನಿಂದ ಇಳಿದರೆ ಅಜದ್ದೆನ್ ಕಣಿವೆ. ಜುನಿಪರ್ ಮರಗಳ ನಡುವೆ ದಾರಿ. ಕೆಳಗೆ ಹೊಳೆಯ ಎರಡು ಕಡೆಗಳಲ್ಲಿ ಮೆಟ್ಟಲು ಮೆಟ್ಟಲಾಗಿ ಗದ್ದೆಗಳು. ಜವೆಗೋಧಿ, ಮೆಕ್ಕೆಜೋಳ, ಸೇಬು, ಅಕ್ರೋಟು ಇಲ್ಲಿಯ ಮುಖ್ಯ ಬೆಳೆಗಳು. ಅದು ಅಕ್ರೋಟಿನ ಕಾಲ. ಗಂಡಸರು ಮರವೇರಿ ಉದ್ದನೆಯ ಗಳುಗಳಿಂದ ಬಡಿಯುವರು. ಹೆಂಗಸರೂ ಮಕ್ಕಳೂ ಕೆಳಗೆ ಆಯುವರು. ಹಸಿಯ ಸಿಪ್ಪೆಯ ರಸವು ತಗಲಿದ ಕೈ ಕಪ್ಪಾಗಿ, ಎಷ್ಟು ತೊಳೆದರೂ ಬಹುದಿನ ಬಿಡದು. ಆ ಕಾಲದಲ್ಲಿ ಊರಿನವರ ಕೈಗಳೆಲ್ಲ ಕಪ್ಪು. ನಮ್ಮ ಹುಡುಗಿಯರು ಎರಡು ಸಂಜೆ ಆಯುವುದಕ್ಕೆ ಹೋಗಿ ತಮ್ಮ ಕೈಗಳನ್ನೂ ಹಾಗೆಯೇ ಮಾಡಿಕೊಂಡು ಬಂದರು.

ಊಟದ ವಿಷಯವಾಗಿ ಗೃಹಿಣಿಯರು ಕೇಳಬಹುದು. ಶಾಕಾಹಾರಿಗಳಾದ ನಮಗೆ ಅಲ್ಲಿ ಉಪವಾಸವಾಗಲಿಲ್ಲ. ಬೆಳಿಗ್ಗೆ ಜವೆಯ ಗಂಜಿ, ಒಲೆಯಿಂದ ಆಗತಾನೆ ತೆಗೆದ ರೊಟ್ಟಿ, ಆಲಿವ್ ಎಣ್ಣೆ, ಜೇನು. ಮಧ್ಯಾಹ್ನ ‘ತಾಜಿನ್’ ಎಂಬ ಮಣ್ಣಿನ ಪಾತ್ರೆಯಲ್ಲಿ, ಶಂಕುವಿನಾಕಾರದ ಮುಚ್ಚಳದ ಕೆಳಗೆ, ಸಣ್ಣ ಉರಿಯಲ್ಲಿ ಬೆಂದ ಗಜ್ಜರಿ, ಆಲೂಗಡ್ಡೆ, ಕುಂಬಳ. ಶುಕ್ರವಾರ ‘ಕುಸ್ಕುಸ್’, ಗೋಧಿಯ ರವೆಯನ್ನು ಹಬೆಯಲ್ಲಿ ಮತ್ತೆ ಮತ್ತೆ ಬೇಯಿಸಿ, ಕೈಯಿಂದ ಉದುರು ಮಾಡಿ, ಎಲ್ಲರೂ ಒಂದೇ ದೊಡ್ಡ ತಟ್ಟೆಯಿಂದ ತಿನ್ನುತ್ತಾರೆ. ನಮಗಾಗಿ ಮನೆಯೊಡತಿಯು ಮಾಂಸ ಸೋಕದ ಪಾತ್ರೆಯನ್ನು ಬೇರೆಯಾಗಿಟ್ಟು, ನಮ್ಮ ಪಾಲನ್ನು ಬೇರೆ ತಟ್ಟೆಯಲ್ಲಿಯೇ ಬಡಿಸುತ್ತಿದ್ದಳು. ನಾವು ಕೇಳಿಕೊಂಡದ್ದಲ್ಲ, ಮಾರ್ಗದರ್ಶಿಯು ಒಂದು ಮಾತು ಹೇಳಿದ್ದನಷ್ಟೇ. ಪುದೀನ ಸೊಪ್ಪಿನ ಚಹವನ್ನು ಮೇಲಿನಿಂದ ನೊರೆಬರುವಂತೆ ಹೊಯ್ಯುವುದು ಮನೆಯ ಹಿರಿಯನ ಕೆಲಸ. ಅದರಲ್ಲಿ ಸಕ್ಕರೆ ಮಾತ್ರ ನಮ್ಮ ಪಾಯಸಕ್ಕಿಂತ ಹೆಚ್ಚು.

ಇನ್ನು ಸೇವೆಯ ವಿಷಯ. ಪ್ರಯಾಣದ ಏರ್ಪಾಡು ಮಾಡಿದವರು, ಹಳ್ಳಿಯ ಶಾಲೆಯ ಗೋಡೆಗಳಿಗೆ ಬಣ್ಣ ಹಾಕುವುದೆಂದು ಕಾಗದದಲ್ಲಿ ಬರೆದಿದ್ದರು. ಬಣ್ಣದ ಡಬ್ಬಿಗಳನ್ನೂ ಕುಂಚಗಳನ್ನೂ ಮರ್ರಾಕೆಶಿನಲ್ಲಿಯೇ ಕೊಂಡು ಹೇಸರಗತ್ತೆಗಳ ಮೇಲೆ ಹೇರಿ ತಂದಿದ್ದೆವು. ಸಂಜೆ ನಾವೂ ಸೋದರಳಿಯನೂ ಶಾಲೆಯನ್ನು ನೋಡಲು ಹೋದೆವು. ಒಂದೇ ಕೋಣೆಯ ಕಟ್ಟಡ. ಭೂಕಂಪದಲ್ಲಿ ಸೀಳಿದ ಮೂಲೆಯನ್ನು ಸಿಮೆಂಟಿನಿಂದ ಭದ್ರಪಡಿಸಿದ್ದರು. ಗೋಡೆಯ ಮೇಲೆ ನೀಲಿಯ ಬಣ್ಣ. ಅದು ಚಕ್ಕೆಯೆದ್ದ ಕಡೆಯಲ್ಲಿ ಹಳದಿ. ಹಳದಿಯ ಅಡಿಯಲ್ಲಿ ಹಸಿರು. ನಮಗಿಂತ ಮುಂಚೆ ಬಂದ ಮೂರು ತಂಡಗಳ ಸೇವೆಯು ಅಲ್ಲಿ ಪದರಪದರವಾಗಿ ಕುಳಿತಿತ್ತು.

ಊರಿನ ಹಿರಿಯರ ಕೂಟಕ್ಕೆ ಜಮಾತ್ ಎಂದು ಹೆಸರು. ಆ ರಾತ್ರಿ ಅವರಲ್ಲಿ ನಾಲ್ವರು ಚಹಕ್ಕೆ ಬಂದರು. ಬಣ್ಣದ ಮಾತನ್ನು ಎತ್ತಿದಾಗ ಅವರು ವಿನಯದಿಂದ, “ಒಳ್ಳೆಯದು, ಹಾಕಿರಿ” ಎಂದರು. ಅತಿಥಿಗಳ ಇಚ್ಛೆಗೆ ಅಡ್ಡ ಬರಬಾರದೆಂಬುದು ಅವರ ಮರ್ಯಾದೆ. ಮೂವತ್ತೈದು ವರ್ಷ ತರಗತಿಯಲ್ಲಿ ನಿಂತವರಿಗೆ, ‘ತಿಳಿಯಿತು’ ಎಂಬ ಮಾತಿನಲ್ಲಿ ತಿಳಿದುದೆಷ್ಟು, ತಿಳಿಯದುದೆಷ್ಟು ಎಂಬುದು ಧ್ವನಿಯಿಂದಲೇ ಗೊತ್ತಾಗುತ್ತದೆ. ನಾವು ಮಾರ್ಗದರ್ಶಿಗೆ, “ನಾವು ಇಲ್ಲಿಗೆ ಬಾರದೆ ಇದ್ದಿದ್ದರೆ ಈ ವಾರ ಊರಿನವರು ಯಾವ ಕೆಲಸ ಮಾಡುತ್ತಿದ್ದರು? ಇದನ್ನು ಕೇಳಿ ಹೇಳು” ಎಂದೆವು. ಅವನು ಕೇಳಿದನು. ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಆಮೇಲೆ ಮಾತು ಹೊರಟಿತು. ಬಹಳ ಹೊತ್ತು ನಿಲ್ಲಲಿಲ್ಲ.

ಗದ್ದೆಗಳಿಗೆ ನೀರನ್ನು ತರುವ ಕಾಲುವೆಗೆ ಅವರ ಭಾಷೆಯಲ್ಲಿ ‘ತರ್ಗ’ ಎನ್ನುತ್ತಾರೆ. ಹೊಳೆಯ ಮೇಲ್ಭಾಗದಲ್ಲಿ ನೀರನ್ನು ತಿರುಗಿಸಿ, ಬೆಟ್ಟದ ಸೊಂಟದಲ್ಲಿ ಹರಿಸಿ, ಒಂದೊಂದು ಮನೆತನಕ್ಕೆ ಇಷ್ಟಿಷ್ಟು ಹೊತ್ತೆಂದು ಸರದಿಯಿಂದ ಹಂಚುವುದು ತಲೆಮಾರುಗಳಿಂದ ಬಂದ ಕ್ರಮ. ಭೂಕಂಪದಲ್ಲಿ ಬಂಡೆಗಳು ಉರುಳಿ ಒಂದು ಕಾಲುವೆಯು ಇನ್ನೂರು ಹೆಜ್ಜೆಯಷ್ಟು ಮುರಿದುಹೋಗಿತ್ತು. ಪ್ಲಾಸ್ಟಿಕ್ ಕೊಳವೆಯಿಂದ ಬರುವ ನೀರು ಮೇಲಿನ ಗದ್ದೆಗಳಿಗೇ ಸಾಲದು. ಕೆಳಗಿನ ಹನ್ನೊಂದು ಮನೆಗಳವರ ಸೇಬಿನ ಗಿಡಗಳು ಬೇಸಗೆಯಲ್ಲಿ ಒಣಗಿದ್ದುವು. ಮನೆಗಳನ್ನು ಕಟ್ಟಿಕೊಳ್ಳುವ ಆತುರದಲ್ಲಿ ಕಾಲುವೆಗೆ ಆಳುಗಳು ಸಾಲರು. ಅಕ್ರೋಟಿನ ಕೊಯ್ಲು ಮುಗಿದೊಡನೆ ‘ತಿವಿಜಿ’ ಕರೆಯಬೇಕೆಂದಿದ್ದರು.

ತಿವಿಜಿ ಎಂದರೆ ಮನೆಗೊಂದಾಳಿನಂತೆ ಎಲ್ಲರೂ ಕೂಲಿಯಿಲ್ಲದೆ ಕೂಡಿ ದುಡಿಯುವ ಪದ್ಧತಿ. ಇಂದು ನನ್ನ ಕೊಯ್ಲಿಗೆ ನೀನು ಬಂದರೆ ನಾಳೆ ನಿನ್ನ ಕೊಯ್ಲಿಗೆ ನಾನು. ಊರಿನ ಕಾಲುವೆಗೆ ಎಲ್ಲರೂ. ನಮ್ಮ ನಾಡಿನ ಒಕ್ಕಲಿಗರಲ್ಲಿ ಮುಯ್ಯಾಳು ಎಂಬುದಾಗಿ ಬಳಕೆಯಲ್ಲಿರುವುದೂ ಇದನ್ನೇ ಹೋಲುತ್ತದೆ. ಇದರಲ್ಲಿ ದಾನಿಯಿಲ್ಲ, ಯಾಚಕನಿಲ್ಲ. ಲೆಕ್ಕವುಂಟು, ಆದರೆ ಅದನ್ನು ಬರೆದಿಡುವುದಿಲ್ಲ.

ಸೋದರಳಿಯನು ಸಂಕಟಕ್ಕೆ ಸಿಕ್ಕಿದನು. “ಮಾವ, ಶಾಲೆಗೆ ಬಣ್ಣ ಹಾಕುತ್ತೇವೆಂದು ತಂದೆತಾಯಿಗಳಿಗೆಲ್ಲ ಹೇಳಿದ್ದೇವೆ. ಬಣ್ಣ ಹಾಕಿದ ಗೋಡೆಯ ಮುಂದೆ ಮಕ್ಕಳ ಚಿತ್ರ ತೆಗೆದು ಕಳುಹಿಸಬೇಕು. ಇನ್ನೂರು ಹೆಜ್ಜೆಯ ಕಾಲುವೆ ನಾಲ್ಕು ದಿನದಲ್ಲಿ ಮುಗಿಯದು. ಮುಗಿಯದ ಕೆಲಸವನ್ನು ಏನೆಂದು ತೋರಿಸಲಿ?” ಎಂದನು. ಅವನ ಕಷ್ಟವು ಸುಳ್ಳಲ್ಲ. ನಾವು ಇಷ್ಟೇ ಹೇಳಿದೆವು: “ಬೆಟ್ಟದ ಮೇಲೆ ಮೊನ್ನೆ ಮಾರ್ಗದರ್ಶಿಯು ಇಳಿಯಿರಿ ಎಂದಾಗ ನಾವು ಕಾಗದದಲ್ಲಿ ಏನು ಬರೆದಿದೆಯೆಂದು ನೋಡಿದೆವೋ? ಅವನಿಗೆ ಬೆಟ್ಟವು ಗೊತ್ತು, ನಮಗೆ ಗೊತ್ತಿಲ್ಲವೆಂದು ಒಪ್ಪಿದೆವು. ಊರು ಯಾರಿಗೆ ಗೊತ್ತೋ ಅವರ ಮಾತನ್ನು ಊರಿನಲ್ಲಿಯೂ ಕೇಳಬೇಡವೇ?” ದೇಶವನ್ನೂ ಕಾಲವನ್ನೂ ಪಾತ್ರವನ್ನೂ ನೋಡಿ ಕೊಡತಕ್ಕದ್ದೆಂದು ಗೀತೆಯು ದಾನಕ್ಕೆ ಹೇಳಿರುವ ನಿಯಮವು ದುಡಿಮೆಗೂ ಸಲ್ಲುತ್ತದೆ. ಅವನು ರಾತ್ರಿಯೆಲ್ಲ ಯೋಚಿಸಿ, ಬೆಳಿಗ್ಗೆ ಮಕ್ಕಳನ್ನು ಕೂರಿಸಿ ನಡೆದುದನ್ನು ನಡೆದಂತೆಯೇ ಹೇಳಿದನು. ಬಣ್ಣದ ಡಬ್ಬಿಗಳು ಹೇಸರಗತ್ತೆಯ ಮೇಲೆ ಅಸ್ನಿಯ ಅಂಗಡಿಗೆ ಹೋಗಿ ಸಿಮೆಂಟಿನ ಚೀಲಗಳಾಗಿ ಹಿಂತಿರುಗಿದುವು.

ಕೆಲಸದ ಯಜಮಾನಿಕೆ ಊರಿನ ಇಬ್ಬರು ಗಾರೆಯವರದು. ಅವರಿಗೆ ದಿನದ ಕೂಲಿಯನ್ನು ನಮ್ಮ ತಂಡದ ಹಣದಿಂದ ಕೊಟ್ಟೆವು. ಪುಕ್ಕಟೆಯಾಗಿ ದುಡಿಯಬಂದವರು ಕೂಲಿಯವನ ಅನ್ನವನ್ನು ಕಸಿಯುವಂತಾಗಬಾರದಷ್ಟೆ. ಮಕ್ಕಳ ಪಾಲಿಗೆ ಬಂದುದು ಕಲ್ಲು, ಮರಳು, ನೀರು ಹೊರುವ ಕೆಲಸ. ಮೊದಲನೆಯ ದಿನ ಹೊಳೆಯಿಂದ ಅವರು ಉತ್ಸಾಹದಿಂದ ಹೊತ್ತು ತಂದ ಉರುಟು ಕಲ್ಲುಗಳನ್ನೆಲ್ಲ ಹಿರಿಯ ಗಾರೆಯವನು ಕಾಲಿನಿಂದ ಹೊರಳಿಸಿ ನೋಡಿ ಪಕ್ಕಕ್ಕೆ ತಳ್ಳಿದನು. ಒಂದು ಮುಖವಾದರೂ ಚಪ್ಪಟೆಯಾಗಿರದ ಕಲ್ಲು ಗೋಡೆಯಲ್ಲಿ ಕೂರದು. ಅರ್ಧ ದಿನದ ಶ್ರಮವು ವ್ಯರ್ಥವಾಯಿತು. ಆದರೆ ಕಲ್ಲನ್ನು ನೋಡುವುದನ್ನು ಕಲಿತರು. ಎರಡನೆಯ ದಿನ ಅಂಗೈಗಳಲ್ಲಿ ಬೊಬ್ಬೆಗಳು. ಮೂರನೆಯ ದಿನ ಮಾತಿಲ್ಲದೆ ಸಾಲಾಗಿ ನಿಂತು ಒಬ್ಬರ ಕೈಯಿಂದ ಒಬ್ಬರಿಗೆ ಕಲ್ಲು ದಾಟಿಸುವ ಹದವು ಬಂತು. ಆ ಸಾಲಿನಲ್ಲಿ ಊರಿನ ಹುಡುಗರೂ ಸೇರಿಕೊಂಡರು. ನಾಲ್ಕು ದಿನಗಳಲ್ಲಿ ಕಟ್ಟಿದುದು ಅರುವತ್ತು ಹೆಜ್ಜೆ.

ಒಂದು ಮಧ್ಯಾಹ್ನ ಬೆಟ್ಟದಿಂದ ಹಿಂತಿರುಗಿದ್ದ ಆ ಹುಡುಗಿಯು ನಮ್ಮ ಪಕ್ಕದಲ್ಲಿ ಕುಳಿತು, “ನಮ್ಮ ವಿಮಾನದ ಖರ್ಚನ್ನೆಲ್ಲ ಇವರಿಗೇ ಕಳುಹಿಸಿದ್ದರೆ ಕಾಲುವೆಯು ಪೂರ್ತಿಯಾಗುತ್ತಿರಲಿಲ್ಲವೇ?” ಎಂದು ಕೇಳಿದಳು. ಈ ಪ್ರಶ್ನೆಗೆ ನಮ್ಮಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಹೇಸರಗತ್ತೆಯವನನ್ನು ಕೇಳೆಂದೆವು. ಅವನು ನಕ್ಕು, “ಹಣವೂ ಬರಲಿ, ನೀವೂ ಬನ್ನಿರಿ. ನೀವು ಬಾರದಿದ್ದರೆ ನನ್ನ ಪ್ರಾಣಿ ಯಾರ ಗಂಟನ್ನು ಹೊರಬೇಕು? ಭೂಕಂಪವಾದ ವರ್ಷ ಪ್ರವಾಸಿಗಳು ಕಡಿಮೆಯಾದರು; ಆಗ ನನ್ನದೊಂದು ಪ್ರಾಣಿಯನ್ನು ಮಾರಿದೆ” ಎಂದನು. ಹುಡುಗಿಯು ಬಹಳ ಹೊತ್ತು ಯೋಚಿಸುತ್ತಿದ್ದಳು. ಪರೋಪಕಾರವೆಂದು ಹೊರಟವರಿಗೆ, ತಾವು ಕೊಟ್ಟ ಉಪಕಾರಗಳಲ್ಲಿ ನ್ಯಾಯವಾದ ಬಾಡಿಗೆಯೂ ಒಂದೆಂಬ ಮಾತು ಹೊಸದಾಗಿತ್ತು.

ಇನ್ನೊಂದು ಸಂಗತಿಯನ್ನು ಉಪಾಧ್ಯಾಯವೃತ್ತಿಯ ಅಭಿಮಾನದಿಂದ ಬರೆಯುತ್ತೇವೆ. ಇಂತಹ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಯೇನೋ ಉಂಟು. ಮುಂದಿನ ಓದಿಗೆ ಅಸ್ನಿಯಂತಹ ಪೇಟೆಗೆ ಹೋಗಬೇಕು. ದಿನವೂ ನಡೆದುಹೋಗುವ ದೂರವಲ್ಲ. ಗಂಡುಮಕ್ಕಳು ಹೇಗಾದರೂ ನೆಂಟರ ಮನೆಯಲ್ಲಿದ್ದು ಓದಿಯಾರು. ಹೆಣ್ಣುಮಕ್ಕಳ ಓದು ಹನ್ನೆರಡನೆಯ ವಯಸ್ಸಿಗೆ ನಿಲ್ಲುತ್ತಿತ್ತು. ೨೦೦೭ರಲ್ಲಿ ಅಸ್ನಿಯಲ್ಲಿ ಹಳ್ಳಿಯ ಹುಡುಗಿಯರಿಗಾಗಿ ಒಂದು ವಿದ್ಯಾರ್ಥಿನಿಲಯವು ಏರ್ಪಟ್ಟಿತು. ಅದರ ಮೇಲೆ ಇನ್ನೂ ಕೆಲವು ಆದುವು. ಭೂಕಂಪದಲ್ಲಿ ಅವಕ್ಕೆ ಹಾನಿಯಾದಾಗ ಹುಡುಗಿಯರನ್ನು ಮರ್ರಾಕೆಶಿಗೆ ಕರೆದೊಯ್ದು ಓದು ನಿಲ್ಲದಂತೆ ನೋಡಿಕೊಂಡರು. ನಮಗೆ ಬಡಿಸುತ್ತಿದ್ದ ಮನೆಯೊಡತಿಯು ಅಕ್ಷರ ಬಾರದವಳು. ಅವಳ ಮಗಳು ಅಸ್ನಿಯಲ್ಲಿ ಓದುತ್ತಿದ್ದಳು. ಮಗಳ ಹಳೆಯ ಪುಸ್ತಕವನ್ನು ತಂದು, ತಿಫಿನಾಘ್ ಅಕ್ಷರದಲ್ಲಿ ಬರೆದ ಹೆಸರಿನ ಮೇಲೆ ಕಪ್ಪಾದ ಬೆರಳನ್ನಿಟ್ಟು ತೋರಿಸಿದಳು. ಅವಳಿಗೆ ಓದಲು ಬರುತ್ತಿದ್ದುದು ಆ ಒಂದೇ ಶಬ್ದ.

ಹೊರಡುವ ದಿನದ ಬೆಳಿಗ್ಗೆ, ಹೊಸದಾಗಿ ಕಟ್ಟಿದ ಭಾಗಕ್ಕೆ ನೀರನ್ನು ಬಿಟ್ಟು ಪರೀಕ್ಷಿಸಿದರು. ಮಣ್ಣುಬಣ್ಣದ ನೀರು ಅಕ್ರೋಟಿನ ಎಲೆಗಳನ್ನು ತಳ್ಳಿಕೊಂಡು ನಿಧಾನವಾಗಿ ಬಂದು, ಅರುವತ್ತನೆಯ ಹೆಜ್ಜೆಯಲ್ಲಿ ಕಟ್ಟಡವು ಮುಗಿದೊಡನೆ ಇಳಿಜಾರಿಗೆ ಚೆಲ್ಲಿ ಹೋಯಿತು. ಮಕ್ಕಳು ಹರ್ಷಧ್ವನಿ ಮಾಡಿದರು. ಗಾರೆಯವನು ಮಾತ್ರ ಬಗ್ಗಿ, ಎಲ್ಲಿ ಸೋರುತ್ತದೆಯೋ ನೋಡುತ್ತಿದ್ದನು. ಊರಿನವರು ಒಬ್ಬೊಬ್ಬ ಮಗುವಿಗೂ ಒಂದೊಂದು ಚೀಲ ಅಕ್ರೋಟು ಕೊಟ್ಟರು. ಹಣ ಕೊಡಹೋದ ಹುಡುಗನೊಬ್ಬನನ್ನು ಮಾರ್ಗದರ್ಶಿಯು ತಡೆದನು. ತಿವಿಜಿಗೆ ಬಂದವರನ್ನು ಬರಿಗೈಯಲ್ಲಿ ಕಳುಹಿಸುವುದಿಲ್ಲವೆಂದು ತಿಳಿಯಹೇಳಿದನು.

ಈಗ ನಮ್ಮ ದೇಶದ ಪಟ್ಟಣಗಳ ಶಾಲೆಗಳಲ್ಲಿಯೂ ಇಂತಹ ಪ್ರವಾಸಗಳು ನಡೆಯುತ್ತವೆ. ಬೆಟ್ಟ ಹತ್ತಿಸುವುದರ ಜೊತೆಗೆ ಒಂದು ಹಳ್ಳಿಯ ಸೇವೆಯನ್ನೂ ಸೇರಿಸಿ ತಂದೆತಾಯಿಗಳಿಂದ ಹಣವನ್ನು ಕೇಳುತ್ತಾರೆ. ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವ ಮುಂಚೆ ಗೃಹಸ್ಥರು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಈ ಕೆಲಸ ಬೇಕೆಂದು ಹೇಳಿದವರು ಊರಿನವರೋ, ಏರ್ಪಾಡು ಮಾಡಿದವರೋ? ಕೆಲಸದ ಯಜಮಾನಿಕೆ ಯಾರದು? ಕೂಲಿಯಿಂದ ಬದುಕುವವರ ಕೆಲಸವು ಇದರಿಂದ ತಪ್ಪುವುದೋ, ಹೆಚ್ಚುವುದೋ? ಮಕ್ಕಳು ಹಿಂತಿರುಗಿದ ಮೇಲೆ ಅದನ್ನು ಕಾಯುವವರು ಯಾರು? ಇವಕ್ಕೆ ಸರಿಯಾದ ಉತ್ತರ ಬಂದರೆ ಮಕ್ಕಳನ್ನು ಧೈರ್ಯವಾಗಿ ಕಳುಹಿಸಬಹುದು. ಬಾರದಿದ್ದರೆ ಬೆಟ್ಟವನ್ನು ಮಾತ್ರ ಹತ್ತಿಸಿ ಕರೆತರಲಿ. ಅದರಲ್ಲಿಯೂ ಕಲಿಯುವುದಕ್ಕೆ ಬೇಕಾದಷ್ಟಿದೆ.

ಮುಂದಿನ ಏಪ್ರಿಲಿನಲ್ಲಿ ಸೋದರಳಿಯನ ಕಾಗದ ಬಂತು. ಚಳಿಗಾಲಕ್ಕೆ ಮೊದಲೇ ಊರಿನವರು ಉಳಿದ ನೂರನಾಲ್ವತ್ತು ಹೆ‌ಜ್ಜೆಗಳನ್ನೂ ಕಟ್ಟಿ ಮುಗಿಸಿದರಂತೆ. ಹಿಮ ಕರಗಿದ ನೀರು ರಭಸದಿಂದ ಬಂದಾಗ ಕಾಲುವೆಯು ನಿಂತಿತು; ಮಕ್ಕಳು ಕಲ್ಲು ಹೊತ್ತ ಭಾಗದಲ್ಲಿ ನಾಲ್ಕು ಮೊಳದಷ್ಟು ಮಾತ್ರ ಕುಸಿಯಿತಂತೆ. ಅದನ್ನು ಮರುದಿನವೇ ಸರಿಪಡಿಸಿ, ಕೆಳಗಿನ ಹನ್ನೊಂದು ಮನೆಗಳವರು ಹೊಸ ಸೇಬಿನ ಸಸಿಗಳನ್ನು ನೆಟ್ಟಿದ್ದಾರೆಂದು ಮಾರ್ಗದರ್ಶಿಯು ತಿಳಿಸಿರುವನು.